ಕರಾವಳಿಯಲ್ಲಿ .22 ರೈಫಲ್: ಕೈಗೆಟಕುವುದನ್ನು ಆರಿಸುವ ಬಗೆ

ಸುಳ್ಯ, ಬೆಳ್ತಂಗಡಿ, ಕಾರ್ಕಳ, ಹೆಬ್ರಿಯ ಕಡೆಯ ಕೃಷಿಕರಿಗೆ ಕೋವಿ ಅಪರಿಚಿತ ವಸ್ತುವಲ್ಲ. ಹಂದಿ, ಮಂಗಗಳ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದ ಒಂಟಿ ನಳಿಗೆಯ ಅಥವಾ ಜೋಡು ನಳಿಗೆಯ ತೋಟೆ ಕೋವಿ ಅನೇಕ ಮನೆಗಳಲ್ಲಿದೆ. ಅದಕ್ಕೂ ಹಳೆಯ ಕೇಪಿನ ಕೋವಿಯೂ ಅಲ್ಲಲ್ಲಿ ಉಳಿದಿದೆ. ಈ ಲೇಖನ ಆ ಕೋವಿಗಳ ಕುರಿತದ್ದಲ್ಲ. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಎನ್‌ಸಿಸಿಗೆ ಸೇರಿ, ಶಿಬಿರದಲ್ಲಿ ಹೊಟ್ಟೆಯ ಮೇಲೆ ಮಲಗಿ ಗುಂಡು ಹೊಡೆದು, ಅವು ಗುರಿಹಲಗೆಯ ಮೇಲೆ ಎಷ್ಟು ಒತ್ತಾಗಿ ಬಿದ್ದಿವೆ ಎಂದು ಕುತೂಹಲದಿಂದ ನೋಡಿದವರಿಗೆ ಪರಿಚಯವಿರುವ, ‘ಪಾಯಿಂಟ್ ಟೂಟೂ’ ಎಂದೇ ಕರೆಯಲ್ಪಡುವ ಸಣ್ಣ ಬೋರಿನ, ಅಂದರೆ ನಳಿಗೆಯ ತೂತು ಕಿರಿದಾದ, ರೈಫಲ್‌ನ ಕುರಿತು ಇದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಇದೇ ಬೋರಿನ ರೈಫಲ್ ಹಿಡಿದು. ಅಂದಿನಿಂದ ಮಕ್ಕಳಿಗೆ ಶೂಟಿಂಗ್ ಕಲಿಸಬೇಕೆನ್ನುವ ಪಾಲಕರೂ, ಎನ್‌ಸಿಸಿಯ ಹಳೆಯ ಹುಮ್ಮಸ್ಸನ್ನು ಮರಳಿ ಹಿಡಿಯಬೇಕೆನ್ನುವ ನಡುವಯಸ್ಸಿನವರೂ ಕೇಳುವ ಪ್ರಶ್ನೆ ಒಂದೇ: ಕಡಿಮೆ ಖರ್ಚಿನಲ್ಲಿ ಸಿಗುವ ಒಳ್ಳೆಯ .22 ಯಾವುದು?

ಪ್ರಶ್ನೆ ಸರಿಯಾದದ್ದೇ, ಆದರೆ ಅದನ್ನು ಕೇಳುವ ಸರದಿ ತಪ್ಪಿದೆ. ರೈಫಲ್‌ನ ಬೆಲೆ ಒಮ್ಮೆ ಕೊಟ್ಟು ಮುಗಿಯುವಂಥದ್ದು. ಗುಂಡಿನ ಬೆಲೆ, ಅಭ್ಯಾಸದ ಜಾಗಕ್ಕೆ ಹೋಗಿಬರುವ ಖರ್ಚು, ನಮ್ಮ ಊರಿನ ಮಳೆ ಮತ್ತು ಉಪ್ಪುಗಾಳಿಯಿಂದ ಉಕ್ಕನ್ನು ಕಾಪಾಡುವ ದುಡಿಮೆ ಇವು ಮುಗಿಯುವಂಥವಲ್ಲ. ಅಂಗಡಿಯಲ್ಲಿ ಅಗ್ಗವಾಗಿ ಕಂಡ ರೈಫಲ್ ಇಲ್ಲಿ ಸಿಗುವ ಗುಂಡಿಗೆ ಒಗ್ಗದಿದ್ದರೆ ಅದಕ್ಕಿಂತ ದುಬಾರಿಯಾದದ್ದು ಬೇರೊಂದಿಲ್ಲ.

ರಿಮ್‌ಫೈರ್ ಎಂದರೇನು

ದೊಡ್ಡ ಬೋರಿನ ತೋಟೆಯನ್ನು ಮಗುಚಿ ನೋಡಿದರೆ ಅದರ ತಳದ ನಡುವೆ ಒಂದು ಪುಟ್ಟ ಬಿಲ್ಲೆಯಂಥ ಕೇಪು ಕಾಣಿಸುತ್ತದೆ. ಬಂದೂಕಿನ ಸೂಜಿ ಬಡಿಯುವುದು ಅಲ್ಲಿಗೆ. .22 ತೋಟೆಯ ತಳ ಮಾತ್ರ ಬೋಳು. ಅದರ ಅಂಚು ಹೊರಗೆ ಚಾಚಿ ಮಡಿಚಿಕೊಂಡಿರುತ್ತದೆ, ಆ ಮಡಿಕೆಯ ಒಳಗೇ ಕಿಡಿಹತ್ತುವ ರಾಸಾಯನಿಕವನ್ನು ತುಂಬಿರುತ್ತಾರೆ. ಸೂಜಿ ಅಂಚನ್ನು, ತೋಟೆ ಕೂರುವ ಗೂಡಾದ ಚೇಂಬರಿನ ಬಾಯಿಗೆ ಒತ್ತಿ ಜಜ್ಜಿದಾಗ ಕಿಡಿ ಹತ್ತಿ ಮದ್ದು ಉರಿಯುತ್ತದೆ. ಅಂಚು ಜಜ್ಜಿಹೋಗಬೇಕಾದರೆ ತೋಟೆಯ ಲೋಹ ತೆಳುವಾಗಿರಲೇಬೇಕು. ತೆಳುವಾದ ಲೋಹ ಹೆಚ್ಚಿನ ಒತ್ತಡ ತಾಳದು, ಹಾಗಾಗಿ ಅಂಚಿನಲ್ಲಿ ಕಿಡಿಹತ್ತುವ ಈ ರಿಮ್‌ಫೈರ್ ತೋಟೆಗಳು ಸಣ್ಣವಾಗಿಯೇ ಉಳಿದವು. ಒಮ್ಮೆ ಜಜ್ಜಿದ ತೋಟೆಗೆ ಮತ್ತೆ ಮದ್ದು ತುಂಬಿಸಿ ಬಳಸುವ ಮಾತೂ ಇಲ್ಲ.

ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟೆಯನ್ನು ಅಮೆರಿಕದ ಸ್ಟೀವನ್ಸ್ ಕಂಪನಿ 1887ರಲ್ಲಿ ರೂಪಿಸಿತು. ಅದರ ಸೀಸದ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ, ವ್ಯಾಸ 5.6 ಮಿಲಿಮೀಟರಿನ ಆಸುಪಾಸು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತಿನಂತೆ ಗುಂಡನ್ನು ತಿರುಗಿಸುತ್ತವೆ, ತಿರುಗುವ ಬುಗುರಿ ನೆಟ್ಟಗೆ ನಿಲ್ಲುವ ಹಾಗೆ ಆ ಗುಂಡೂ ಮೂತಿ ತಿರುಗಿಸದೆ ಸಾಗುತ್ತದೆ. ನಮ್ಮ ತೋಟೆ ಕೋವಿಯ ನಳಿಗೆಯಲ್ಲಿ ಈ ಗೀರುಗಳಿಲ್ಲ, ಒಳಮೈ ನುಣುಪು. ಚಿಲ್ಲುಗಳನ್ನು ಹರಡಿ ಎಸೆಯುವುದು ಅದರ ಕೆಲಸವಾದರೆ, ಒಂದೇ ಗುಂಡನ್ನು ಒಂದೇ ಬಿಂದುವಿಗೆ ಮತ್ತೆ ಮತ್ತೆ ಕಳಿಸುವುದು ರೈಫಲ್‌ನ ಕೆಲಸ.

ಕಾನೂನು ಹೇಳುವುದು

1959ರ ಆಯುಧ ಕಾಯ್ದೆ ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತೇ ಬರೆದದ್ದು. ಬೆಳೆ ರಕ್ಷಣೆಗೆ ಅದು ಹೇಳುವುದು ನುಣುಪು ನಳಿಗೆಯ ಕೋವಿಯನ್ನು. ಕೇಂದ್ರ ಸರಕಾರದ ಪರವಾನಗಿ ಅಥವಾ ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆಂದು ಕೇಳುವ ಆಯುಧಕ್ಕೆ ಅದೇ ಕಾಯ್ದೆಯಲ್ಲಿ ಪ್ರತ್ಯೇಕ ಜಾಗವಿದೆ. ಆದ್ದರಿಂದ ‘ತೋಟಕ್ಕೆ ಮಂಗ ಬರುತ್ತದೆ, ಒಂದು .22 ಕೊಡಿ’ ಎಂದು ಅರ್ಜಿ ಹಾಕುವುದು ತಪ್ಪು ಬಾಗಿಲು ತಟ್ಟಿದ ಹಾಗೆ. .22 ಬೇಕೆನ್ನುವವರು ಮೊದಲು ಕ್ಲಬ್ಬಿನ ಸದಸ್ಯರಾಗಬೇಕು, ಅಲ್ಲಿ ಕಲಿಯಬೇಕು, ಆ ಕಲಿಕೆಯ ಆಧಾರದ ಮೇಲೆ ಪರವಾನಗಿ ಕೇಳಬೇಕು.

ಪಕ್ಕದ ಕೊಡಗಿನ ಬಂಧುಗಳ ಮನೆಯಲ್ಲಿ ಪರವಾನಗಿಯ ಗೊಡವೆಯಿಲ್ಲದೆ ಕೋವಿ ಇರುವುದನ್ನು ಕಂಡು ನಮಗೂ ಹಾಗೆಯೇ ಎಂದುಕೊಳ್ಳುವವರು ಇದ್ದಾರೆ. ಆ ವಿನಾಯಿತಿ ಕೊಡವ ಜನಾಂಗದವರಿಗೂ ಅಲ್ಲಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಮಾತ್ರ. ಸಂಪಾಜೆ ಘಾಟಿ ಇಳಿದ ಮಾತ್ರಕ್ಕೆ ಅದು ನಮ್ಮೊಂದಿಗೆ ಇಳಿದುಬರುವುದಿಲ್ಲ.

ಮಂಗಳೂರು ನಗರ ಪೊಲೀಸ್ ಕಮಿಷನರೇಟಿನ ವ್ಯಾಪ್ತಿಯಲ್ಲಿ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್, ದಕ್ಷಿಣ ಕನ್ನಡದ ಉಳಿದ ಭಾಗದಲ್ಲೂ ಉಡುಪಿಯಲ್ಲೂ ಜಿಲ್ಲಾಧಿಕಾರಿ. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿಯೊಂದಿಗೆ ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆ, ಸುರಕ್ಷತಾ ತರಬೇತಿಯ ದಾಖಲೆ ಇವೆಲ್ಲ ಬೇಕಾಗುತ್ತವೆ, ಪೊಲೀಸ್ ವರದಿಯೂ ಆಗಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರಿಗೆ ತರಬೇತುದಾರರ ಕಣ್ಣೆದುರು ಅಭ್ಯಾಸ ಮಾಡಲು ನಿಯಮಗಳಲ್ಲಿ ಅವಕಾಶವಿದೆ. 2019ರ ತಿದ್ದುಪಡಿಯ ಬಳಿಕ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು, ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಕ್ಲಬ್ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್ ಈ ಎಣಿಕೆಯ ಹೊರಗೆ ನಿಲ್ಲುತ್ತದೆ ಎಂಬುದು, ಅಜ್ಜನ ಕಾಲದ ತೋಟೆ ಕೋವಿಯನ್ನು ಬಿಡಲೊಲ್ಲದ ಮನೆಗಳಿಗೆ ಗೊತ್ತಿರಬೇಕಾದ ವಿಷಯ.

ಇಷ್ಟೆಲ್ಲ ಬೇಡವೆನ್ನುವವರಿಗೆ, ಅಥವಾ ಮಗ ಮಗಳಿಗೆ ಈ ಆಟ ಒಗ್ಗುತ್ತದೆಯೋ ಇಲ್ಲವೋ ಎಂದು ಮೊದಲು ನೋಡಬೇಕೆನ್ನುವವರಿಗೆ, ಏರ್ ರೈಫಲ್ ಇದೆ. .177 ಬೋರಿನ, ಅಂದರೆ 4.5 ಮಿಲಿಮೀಟರಿನ, 20 ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲಿಗೆ ಪರವಾನಗಿ ಬೇಡ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಹತ್ತು ಮೀಟರಿನ ಅಭ್ಯಾಸಕ್ಕೆ ಉದ್ದನೆಯ ಒಂದು ಕೋಣೆ ಸಾಕು, ಆಟಿ ತಿಂಗಳ ಮಳೆಯಲ್ಲೂ ಅದು ನಿಲ್ಲುವುದಿಲ್ಲ. ಉಸಿರು ಹಿಡಿಯುವುದು, ಟ್ರಿಗರನ್ನು ಜಗ್ಗದೆ ಒತ್ತುವುದು, ಗುಂಡು ಹೊರಟ ಮೇಲೂ ಒಂದು ಕ್ಷಣ ಗುರಿಯಲ್ಲೇ ಉಳಿಯುವುದು ಇವನ್ನೆಲ್ಲ ಏರ್ ರೈಫಲ್ ಕಲಿಸುವಷ್ಟು ಕಟ್ಟುನಿಟ್ಟಾಗಿ .22 ಕಲಿಸದು, ಏಕೆಂದರೆ ಏರ್ ರೈಫಲ್‌ನ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಕೈಯ ನಡುಕವೆಲ್ಲ ಗುರಿಹಲಗೆಯಲ್ಲಿ ಅಚ್ಚಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಏರ್ ರೈಫಲ್‌ನಲ್ಲಿ ಕಳೆಯದೆ .22 ಕೊಳ್ಳುವವರು ಗುಂಡಿನ ದುಡ್ಡಿನಲ್ಲಿ ಆ ಪಾಠದ ಶುಲ್ಕ ಕಟ್ಟುತ್ತಾರೆ.

ಎಲ್ಲಿ ಹೊಡೆಯುವುದು

ರೈಫಲ್ ನೋಡಲು ಹೊರಡುವ ಮುನ್ನ ಅದನ್ನು ಎಲ್ಲಿ ಬಳಸುವುದೆಂಬುದು ತೀರ್ಮಾನವಾಗಿರಬೇಕು. ಮನೆಯ ಹಿಂದಿನ ಗುಡ್ಡೆ ಎಂಬ ಉತ್ತರ ನಡೆಯುವುದಿಲ್ಲ. ಗುರಿ ಅಭ್ಯಾಸಕ್ಕೆಂದು ಸಿಕ್ಕ ಪರವಾನಗಿಗೆ ಅದರದೇ ಷರತ್ತುಗಳಿವೆ. ಅದು ಹಾಗಿರಲಿ, ಸಣ್ಣದೆಂದು ಸಸಾರವಾಗಿ ಕಾಣುವ ಈ ಗುಂಡು ಓರೆಯಾಗಿ ಮೇಲಕ್ಕೆ ಹಾರಿದರೆ ಒಂದೂವರೆ ಕಿಲೋಮೀಟರಿಗೂ ದೂರ ಹೋಗಿ ಬೀಳುತ್ತದೆ. ಮನೆಯಿಂದ ಮನೆಗೆ ಕೂಗಿದರೆ ಕೇಳಿಸುವ ನಮ್ಮ ಊರುಗಳಲ್ಲಿ ಅಷ್ಟು ದೂರದೊಳಗೆ ಎಷ್ಟು ಅಂಗಳಗಳಿವೆ ಎಂದು ಯೋಚಿಸಿದರೆ ಸಾಕು. ಮುರಕಲ್ಲಿನ ಗೋಡೆ ಗುಂಡನ್ನು ತಡೆಯುತ್ತದೆ ಎಂಬ ನಂಬಿಕೆಯೂ ಅಪಾಯದ್ದು. ಮೃದು ಸೀಸದ ನಿಧಾನದ ಗುಂಡು ಗಟ್ಟಿ ಮೈಗೆ ತಾಗಿ ಎತ್ತಲೋ ಚಿಮ್ಮುವುದರಲ್ಲಿ ಹೆಸರುವಾಸಿ. ಕೆರೆ, ತೋಡುಗಳ ನೀರಿನ ಮೈಯಿಂದಲೂ ಅದು ಪುಟಿಯುತ್ತದೆ. ದಪ್ಪಗೆ ಪೇರಿಸಿದ ಮಣ್ಣಿನ ದಿಬ್ಬ, ಅಥವಾ ಗುಂಡನ್ನು ಕೆಳಕ್ಕೆ ಹಾಯಿಸಿ ಹಿಡಿಯುವ ಉಕ್ಕಿನ ಬಲೆ ಇರುವ, ಗುರಿ ಅಭ್ಯಾಸಕ್ಕೆಂದೇ ಕಟ್ಟಿದ ರೇಂಜೇ ಇದಕ್ಕೆ ತಕ್ಕ ಜಾಗ.

ಹಾಗಾದರೆ ನಿಮಗೆ ಹತ್ತಿರದ 50 ಮೀಟರ್ ರೇಂಜ್ ಎಲ್ಲಿ, ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರಲು ಆಗುತ್ತದೆಯೇ, ಅಲ್ಲಿ ಕ್ಲಬ್ಬಿನದೇ .22 ರೈಫಲ್ ಸದಸ್ಯರ ಬಳಕೆಗೆ ಇದೆಯೇ ಎಂಬುದನ್ನು ವಿಚಾರಿಸಬೇಕು. ಕ್ಲಬ್ಬಿನ ರೈಫಲ್ ಸಿಗುವುದಾದರೆ ಸ್ವಂತದ್ದನ್ನು ಕೊಳ್ಳುವ ಆತುರ ಬೇಡ. ತಿಂಗಳಿಗೊಮ್ಮೆ ಮಾತ್ರ ರೇಂಜಿಗೆ ಹೋಗಲಾಗುವವರಿಗೆ ಎಲ್ಲಕ್ಕಿಂತ ಅಗ್ಗದ ರೈಫಲ್ ಎಂದರೆ ಅದೇ.

ಗುಂಡಿನ ಲೆಕ್ಕ

ಹೊಸಬರು ಹೆಚ್ಚಾಗಿ ಕಡೆಗಣಿಸುವುದು ಇದನ್ನೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಲೆಕ್ಕಕ್ಕಾಗಿ ಒಂದು ಗುಂಡಿಗೆ 20 ರೂಪಾಯಿ ಎಂದಿಟ್ಟುಕೊಂಡು, ವಾರಕ್ಕೆ 60 ಗುಂಡಿನಂತೆ ವರ್ಷದಲ್ಲಿ 50 ವಾರ ಅಭ್ಯಾಸ ಮಾಡಿದರೆ 3,000 ಗುಂಡು, 60,000 ರೂಪಾಯಿ. ದರ ಇದಕ್ಕಿಂತ ಹೆಚ್ಚಿರಬಹುದು, ಕಡಿಮೆಯಿರಬಹುದು. ಅಂಗಡಿಯ ಅಂದಿನ ದರವನ್ನು ಇದೇ ಗುಣಾಕಾರದಲ್ಲಿ ಹಾಕಿ ನೋಡಿದರೆ ರೈಫಲ್‌ನ ಬೆಲೆಯನ್ನು ಗುಂಡಿನ ಖರ್ಚು ಎಷ್ಟು ಬೇಗ ಹಿಂದಿಕ್ಕುತ್ತದೆ ಎಂಬುದು ತಿಳಿಯುತ್ತದೆ. ಅಲ್ಲದೆ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದೆಂಬ ಮಿತಿಯೂ ಪರವಾನಗಿ ಪುಸ್ತಕದಲ್ಲೇ ನಮೂದಾಗಿರುತ್ತದೆ.

ಗುಂಡಿನ ಗುಣ ಹೇಗೆ ಗುರಿಯನ್ನು ಕೆಡಿಸುತ್ತದೆ? ಸಾಧಾರಣ ವೇಗದ .22 ಗುಂಡು ನಳಿಗೆಯಿಂದ ಹೊರಡುವುದು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ. 50 ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಭೂಮಿಯ ಸೆಳೆತ ಅದನ್ನು ನಳಿಗೆಯ ನೇರದಿಂದ ಸುಮಾರು 12 ಸೆಂಟಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ಎಲ್ಲ ಗುಂಡುಗಳೂ ಒಂದೇ ವೇಗದಲ್ಲಿ ಹೊರಟರೆ ಈ ಇಳಿತ ತೊಂದರೆ ಕೊಡದು, ಗುರಿ ನೋಡುವ ಸಾಧನವಾದ ಸೈಟನ್ನು ಅಷ್ಟು ಏರಿಸಿಕೊಂಡರಾಯಿತು. ಆದರೆ ಒಂದೇ ಪೆಟ್ಟಿಗೆಯ ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೂ ಗುರಿಹಲಗೆಯಲ್ಲಿ ಅವು ಏಳೆಂಟು ಮಿಲಿಮೀಟರ್ ಮೇಲೆ ಕೆಳಗೆ ಬೀಳುತ್ತವೆ. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಗುಂಡಿನ ಅಂಚು ಗೆರೆಗೆ ತಾಗಿದರೂ ಅಂಕ ಸಿಗುವುದರಿಂದ 5.6 ಮಿಲಿಮೀಟರಿನ ಗುಂಡನ್ನು ಕೂಡಿಸಿಕೊಂಡರೆ ನಮಗೆ ಸಿಗುವ ಅವಕಾಶ 16 ಮಿಲಿಮೀಟರ್. ಅದರ ಅರ್ಧದಷ್ಟನ್ನು ಅಗ್ಗದ ಗುಂಡಿನ ಏರುಪೇರೇ ನುಂಗಿದರೆ ಹೊಡೆಯುವವರ ಪಾಲಿಗೆ ಉಳಿಯುವುದೇನು?

ಹೆಚ್ಚು ವೇಗದ ಗುಂಡು ಉತ್ತಮವಲ್ಲವೇ ಎಂದು ಕೇಳುವವರಿದ್ದಾರೆ. ಗುರಿ ಅಭ್ಯಾಸಕ್ಕೆ ಅಲ್ಲ. ಸೆಕೆಂಡಿಗೆ 380 ಮೀಟರಿನ ಆಸುಪಾಸಿನಲ್ಲಿ ಹೊರಡುವ ವೇಗದ ಗುಂಡು ಶಬ್ದದ ವೇಗವನ್ನು ಮೀರಿಯೇ ಹೊರಡುತ್ತದೆ, ದಾರಿಯಲ್ಲಿ ಗಾಳಿಯ ತಡೆಗೆ ಸಿಕ್ಕಿ ಬೇಗನೆ ಕುಗ್ಗುತ್ತದೆ. ಗಾಳಿ ಗುಂಡನ್ನು ಎಷ್ಟು ಪಕ್ಕಕ್ಕೆ ಸರಿಸುತ್ತದೆ ಎಂಬುದನ್ನು ತೀರ್ಮಾನಿಸುವುದು ಗುಂಡಿನ ವೇಗಕ್ಕಿಂತ ಹೆಚ್ಚಾಗಿ ಅದು ದಾರಿಯಲ್ಲಿ ಕಳೆದುಕೊಳ್ಳುವ ವೇಗ. ಹಾಗಾಗಿ ವೇಗದ ಗುಂಡೇ ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ಗಂಟೆಗೆ 15 ಕಿಲೋಮೀಟರಿನ ಅಡ್ಡಗಾಳಿ ಸಾಧಾರಣ ವೇಗದ ಗುಂಡನ್ನು 50 ಮೀಟರಿನಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ತಳ್ಳುತ್ತದೆ. ಮಧ್ಯಾಹ್ನವಾಗುತ್ತಲೇ ಪಡುಗಾಳಿ ಏಳುವ ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ. ರೇಂಜ್ ಕಡಲಿಗೆ ಹತ್ತಿರವಿದ್ದರೆ ಬೆಳಗ್ಗಿನ ಹೊತ್ತನ್ನು ಆರಿಸಿಕೊಳ್ಳುವುದು, ಸಾಧಾರಣ ವೇಗದ ಗುಂಡನ್ನೇ ಬಳಸುವುದು ಲೇಸು.

ಎಲ್ಲಕ್ಕಿಂತ ವಿಚಿತ್ರವಾದದ್ದು, ಒಂದು ರೈಫಲಿಗೆ ಒಗ್ಗಿದ ಗುಂಡು ಅದೇ ಕಾರ್ಖಾನೆಯ ಅದೇ ಮಾದರಿಯ ಇನ್ನೊಂದು ರೈಫಲಿಗೆ ಒಗ್ಗದೆ ಹೋಗುವುದು. ಚೇಂಬರಿನ ಅಳತೆ, ನಳಿಗೆಯ ಒಳಮೈ, ತೋಟೆಯ ಅಂಚಿನ ದಪ್ಪ ಇವುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗುಂಡು ಬೀಳುವ ರೀತಿ ಬದಲಾಗುತ್ತದೆ. ವಿದೇಶದ ಗುರಿಕಾರರು ಹತ್ತಾರು ಬಗೆಯ ಗುಂಡು ತಂದು ತಮ್ಮ ರೈಫಲಿಗೆ ಒಗ್ಗುವುದನ್ನು ಹುಡುಕುತ್ತಾರೆ. ನಮಗೆ ಸಿಗುವುದು ದೇಶದಲ್ಲೇ ತಯಾರಾಗುವ ಗುಂಡು ಮತ್ತು ಆಗಾಗ ಬರುವ ಆಮದಿನ ಒಂದೆರಡು ಬಗೆ. ಆದ್ದರಿಂದ ನಾವು ಲೆಕ್ಕವನ್ನು ತಿರುವಿಹಾಕಬೇಕು: ಇಲ್ಲಿ ವರ್ಷವಿಡೀ ಸಿಗುವ ಗುಂಡು ಯಾವುದೆಂದು ಮೊದಲು ತಿಳಿದು, ಆ ಗುಂಡಿನಲ್ಲಿ ಒತ್ತಾದ ಗ್ರೂಪ್, ಅಂದರೆ ಗುರಿಹಲಗೆಯ ಮೇಲೆ ತೂತುಗಳ ಗುಂಪು, ಕೊಡುವ ರೈಫಲನ್ನು ಆರಿಸಬೇಕು.

ಅಂಗಡಿಯಲ್ಲಿ ಸಿಗುವುದು

ಅಂತರ್ಜಾಲದ ವಿಮರ್ಶೆಗಳಲ್ಲಿ ಅಗ್ಗದ .22 ಎಂದು ಹೊಗಳಿಸಿಕೊಳ್ಳುವ ರೂಗರ್ 10/22, ಸ್ಯಾವೇಜ್, ಚೆಕ್ ದೇಶದ ಸಿಝೆಡ್ 457 ಇವೆಲ್ಲ ಆ ದೇಶಗಳ ಪೇಟೆಗೆ ಅಗ್ಗ. ನಮ್ಮಲ್ಲಿ 1980ರ ದಶಕದಿಂದ ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವುದು ಬಹುಮಟ್ಟಿಗೆ ನಿಂತೇಹೋಗಿದೆ. ಸ್ಪರ್ಧೆಗಳಲ್ಲಿ ನಿಗದಿತ ಮಟ್ಟ ಮುಟ್ಟಿ ‘ರಿನೌನ್ಡ್ ಶಾಟ್’ ಎನಿಸಿಕೊಂಡವರಿಗೆ, ರಾಷ್ಟ್ರೀಯ ರೈಫಲ್ ಸಂಘದ ಮೂಲಕ ಆ ದಾರಿ ತೆರೆದಿದೆ. ಉಳಿದವರ ಮುಂದೆ ಇರುವುದು ಎರಡು ಹಾದಿ. ಒಂದು, ಆರ್ಡ್ನೆನ್ಸ್ ಫ್ಯಾಕ್ಟರಿಗಳ .22 ಸ್ಪೋರ್ಟಿಂಗ್ ರೈಫಲ್; 2021ರಲ್ಲಿ ಆರ್ಡ್ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಸಣ್ಣ ಆಯುಧಗಳ ಹೊಣೆ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಆ್ಯಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯದು, ಗುಂಡುಗಳದ್ದು ಪುಣೆಯ ಮ್ಯೂನಿಷನ್ಸ್ ಇಂಡಿಯಾ ಕಂಪನಿಯದು. ಇನ್ನೊಂದು, ಆಮದು ನಿಲ್ಲುವ ಮೊದಲು ಬಂದು ಕೈಯಿಂದ ಕೈಗೆ ದಾಟುತ್ತಿರುವ ಬಿಎಸ್‌ಎ, ಬ್ರನೋ, ವಾಲ್ಟರ್‌ಗಳಂಥ ಹಳೆಯ ವಿದೇಶಿ ರೈಫಲ್‌ಗಳು. ಹೊಸದಾಗಿ ಬರುವ ದಾರಿ ಮುಚ್ಚಿರುವುದರಿಂದಲೇ ಇವುಗಳ ಬೆಲೆ ಅವುಗಳ ಯೋಗ್ಯತೆಯನ್ನು ಎಷ್ಟೋ ಮೀರಿ ಏರಿದೆ. ಹಳೆಯ ಬ್ರನೋ ಒಳ್ಳೆಯ ರೈಫಲ್ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಹೆಸರಿಗೆ ಕೊಡುವ ದುಡ್ಡಿನಿಂದ ಅಂಕ ಏರುವುದಿಲ್ಲ.

ಯಾವುದೇ ಆಗಲಿ, ಬೋಲ್ಟ್ ಆ್ಯಕ್ಷನ್ ಇರಲಿ. ಪ್ರತಿ ಗುಂಡಿಗೂ, ತೋಟೆಯ ಹಿಂದೆ ಮುಚ್ಚುವ ಸರಳಾದ ಬೋಲ್ಟನ್ನು ಕೈಯಿಂದಲೇ ಎಳೆದು ದೂಡಬೇಕಾದ್ದರಿಂದ ಹೊಡೆಯುವವರು ತಾವಾಗಿ ನಿಧಾನಿಸುತ್ತಾರೆ. ಬಿಡಿಭಾಗಗಳು ಕಡಿಮೆ, ಬಿಚ್ಚಿ ಒರೆಸುವುದು ಸುಲಭ, ಬೋಲ್ಟ್ ಹೊರತೆಗೆದರೆ ಹಿಂದಿನಿಂದಲೇ ನಳಿಗೆಯ ಒಳಗೆ ನೋಡಬಹುದು. ಬೋಲ್ಟ್ ಕೂರುವ ಭಾಗವಾದ ರಿಸೀವರಿನ ಮೇಲೆ ಸೈಟು ಸಿಕ್ಕಿಸುವ 11 ಮಿಲಿಮೀಟರಿನ ಜಾಡು ಇದ್ದರೆ ನಾಳೆ ಅಪರ್ಚರ್ ಸೈಟ್, ಅಂದರೆ ಸಣ್ಣ ತೂತಿನ ಮೂಲಕ ಗುರಿ ನೋಡುವ ಸೈಟ್, ಕೂರಿಸಲು ದಾರಿಯಿರುತ್ತದೆ. ಸ್ಪರ್ಧೆಯ ಹಂಬಲವುಳ್ಳವರು ದುರ್ಬೀನಿಗೆ ದುಡ್ಡು ಸುರಿಯಬಾರದು, ಒಲಿಂಪಿಕ್ ಮಾದರಿಯ 50 ಮೀಟರ್ ಸ್ಪರ್ಧೆಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ಭುಜಕ್ಕೆ ಒರಗುವ ಹಿಡಿಯಾದ ಸ್ಟಾಕಿನ ಉದ್ದ ನಿಮ್ಮ ತೋಳಿಗೆ ಹೊಂದಬೇಕು: ಕತ್ತು ಚಾಚದೆ, ಕೆನ್ನೆಯನ್ನು ಸ್ಟಾಕಿಗಿಟ್ಟ ತಕ್ಷಣ ಕಣ್ಣು ಸೈಟಿನ ನೇರಕ್ಕೆ ಬರಬೇಕು. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ, ಆಮೇಲೆ ಕಣ್ಣು ತೆರೆದು ನೋಡುವುದು ಇದಕ್ಕೆ ಸುಲಭದ ಪರೀಕ್ಷೆ. ಟ್ರಿಗರ್ ಹಗುರವಾಗಿದೆಯೇ ಎಂಬುದಕ್ಕಿಂತ, ಪ್ರತಿ ಸಲವೂ ಒಂದೇ ಹಂತದಲ್ಲಿ, ಮರಳು ಅರೆದಂತೆ ತೊಡರದೆ ಬಿಡುತ್ತದೆಯೇ ಎಂಬುದು ಮುಖ್ಯ.

ಹಳೆಯ ರೈಫಲನ್ನು ಪರೀಕ್ಷಿಸುವ ಬಗೆ

ಕೈ ಬದಲಿಸಿದ ರೈಫಲ್ ಕೊಳ್ಳುವುದಾದರೆ ಮೊದಲು ಅದು ಖಾಲಿಯಿದೆಯೆಂದು ಕಣ್ಣಾರೆ ಖಚಿತಪಡಿಸಿಕೊಂಡು, ಬೋಲ್ಟ್ ಹೊರತೆಗೆಸಿ, ಬಿಳಿ ಕಾಗದದ ಚೂರೊಂದನ್ನು ನಳಿಗೆಯ ತುದಿಯ ಮುಂದೆ ಹಿಡಿದು, ಅದರ ಮೇಲೆ ಟಾರ್ಚ್ ಬಿಡಬೇಕು. ಹಿಂದಿನಿಂದ ನೋಡಿದಾಗ ಗೀರುಗಳ ಅಂಚು ಚೂಪಾಗಿ, ಹೊಳೆಯುತ್ತ, ತುದಿಯವರೆಗೂ ಸುರುಳಿಯಾಗಿ ಹೋಗುತ್ತಿರಬೇಕು. ನಡುವೆ ಎಲ್ಲಾದರೂ ಉಂಗುರದಂತೆ ಕಪ್ಪು ನೆರಳು ಕಂಡರೆ ಹಿಂದೊಮ್ಮೆ ಗುಂಡು ಅಲ್ಲಿ ಸಿಕ್ಕಿಕೊಂಡು, ಇನ್ನೊಂದು ಗುಂಡು ಅದನ್ನು ಬಡಿದು ನಳಿಗೆ ಉಬ್ಬಿದೆ ಎಂದರ್ಥ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಚುಕ್ಕೆಚುಕ್ಕೆಯಾಗಿ ಒರಟಾಗಿ ಕಂಡರೆ ತುಕ್ಕು ತಿಂದ ಗುರುತು, ಕರಾವಳಿಯ ಮನೆಗಳಲ್ಲಿ ಉಳಿದ ರೈಫಲ್‌ಗಳಲ್ಲಿ ಇದು ಮೊದಲು ನೋಡಬೇಕಾದ್ದು.

ಬಳಿಕ ಚೇಂಬರಿನ ಬಾಯಿ. ಗುಂಡಿಲ್ಲದೆ ಟ್ರಿಗರ್ ಒತ್ತಿ ಒತ್ತಿ ಅಭ್ಯಾಸ ಮಾಡಿದ ಹಳೆಯ ರಿಮ್‌ಫೈರ್‌ಗಳಲ್ಲಿ ಸೂಜಿ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಅಲ್ಲೊಂದು ಕುಳಿ ಬೀಳುತ್ತದೆ, ಅದರ ಪಕ್ಕದ ಲೋಹ ಒಳಕ್ಕೆ ಉಬ್ಬುತ್ತದೆ. ಉಗುರಿನಿಂದ ಸವರಿದರೆ ಆ ಉಬ್ಬು ತಿಳಿಯುತ್ತದೆ. ಅಂಥ ರೈಫಲ್‌ನಲ್ಲಿ ಹೊಸ ತೋಟೆ ಬಿಗಿಯಾಗಿ ಹೋಗುತ್ತದೆ, ಖಾಲಿ ತೋಟೆ ಹೊರಬರದೆ ಸತಾಯಿಸುತ್ತದೆ. ಪರೀಕ್ಷಿಸಲು ಹಾರಿಸಿದ ತೋಟೆಯ ಅಂಚನ್ನೂ ನೋಡಬೇಕು: ಸೂಜಿಯ ಗುರುತು ಅಗಲವಾಗಿ, ಆಳವಾಗಿ, ಅಂಚಿನ ಮೇಲೆಯೇ ಬಿದ್ದಿದ್ದರೆ ಒಳ್ಳೆಯದು. ತೆಳುವಾಗಿ ಒಳಗೆ ಸರಿದು ಬಿದ್ದಿದ್ದರೆ ಮುಂದೆ ಗುಂಡು ಹಾರದಿರುವ ಕಾಟ ಖಚಿತ. ಸೂಜಿ, ತೋಟೆ ಎಳೆಯುವ ಕೊಕ್ಕೆ, ತೋಟೆ ತುಂಬುವ ಮ್ಯಾಗಜೀನ್ ಈ ಮೂರರ ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸದೆ ಹಳೆಯ ವಿದೇಶಿ ರೈಫಲಿಗೆ ಮುಂಗಡ ಕೊಡಬಾರದು. ದೇಶೀ ರೈಫಲ್‌ನ ದೊಡ್ಡ ಅನುಕೂಲ ಇರುವುದು ಇಲ್ಲಿಯೇ.

ಕೊನೆಯ ಪರೀಕ್ಷೆ ರೇಂಜಿನಲ್ಲಿ, ಮಾರುವವರ ಸಮ್ಮುಖದಲ್ಲಿ. ಮರಳುಚೀಲದ ಮೇಲೆ ರೈಫಲನ್ನು ಊರಿ, ನೀವು ಮುಂದೆ ಬಳಸಲಿರುವ ಗುಂಡಿನಿಂದಲೇ, ಐದೈದು ಗುಂಡಿನ ಐದು ಗ್ರೂಪ್ ಹೊಡೆಯಬೇಕು. ಒಂದು ಗ್ರೂಪ್ ಚೆನ್ನಾಗಿ ಬಂದ ಮಾತ್ರಕ್ಕೆ ಮರುಳಾಗಬಾರದು, ಐದರ ಸರಾಸರಿಯೇ ರೈಫಲ್‌ನ ನಿಜ. ಪ್ರತಿ ಗ್ರೂಪಿನಲ್ಲಿ ಅತಿ ದೂರದ ಎರಡು ತೂತುಗಳ ನಡುಬಿಂದುಗಳ ಅಂತರ ಅಳೆದು, 50 ಮೀಟರಿನಲ್ಲಿ ಸರಾಸರಿ 25 ಮಿಲಿಮೀಟರಿನ ಒಳಗೆ ಬಂದರೆ ಕಲಿಯುವವರಿಗೆ ಧಾರಾಳವಾಗಿ ಸಾಕು. ಸ್ಪರ್ಧೆಯ ದುಬಾರಿ ರೈಫಲ್‌ಗಳು ಆರಿಸಿದ ಗುಂಡಿನಲ್ಲಿ ಇದರ ಅರ್ಧದಷ್ಟಕ್ಕೆ ಇಳಿಯುತ್ತವೆ. ಆ ಅಂತರ ನಿಮ್ಮ ಅಂಕಕ್ಕೆ ಅಡ್ಡಿಯಾಗುವ ದಿನ ಬಂದಾಗ ಆ ರೈಫಲ್‌ನ ಚಿಂತೆ ಮಾಡಿದರಾಯಿತು. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಕಿಡಿ ಹತ್ತುವುದುಂಟು. ಕಿವಿಗೆ ರಕ್ಷೆ, ಕಣ್ಣಿಗೆ ಕನ್ನಡಕ ಇರಲೇಬೇಕು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಏನನ್ನೂ ತಿನ್ನಬಾರದು.

ವ್ಯವಹಾರ ಕುದುರಿದರೂ ರೈಫಲ್ ಅಂದೇ ಕೈಗೆ ಬರುವುದಿಲ್ಲ. ಮಾರುವವರು ತಮ್ಮ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಕನಿಷ್ಠ 45 ದಿನ ಕಳೆದ ಮೇಲಷ್ಟೇ ಹಸ್ತಾಂತರ. ಅವಸರ ಮಾಡಿ ಮುಂಗಡವನ್ನೆಲ್ಲ ಕೊಟ್ಟುಬಿಡುವವರಿಗೆ ಈ 45 ದಿನ ಬಹಳ ಉದ್ದವೆನಿಸುತ್ತದೆ.

ಮಳೆ ಮತ್ತು ಉಕ್ಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಾಪೆ, ಚಪ್ಪಲಿ, ಪುಸ್ತಕಗಳಿಗೆಲ್ಲ ಬೂಸ್ಟು ಹಿಡಿಯುತ್ತದೆ. ಅದೇ ತೇವ ರೈಫಲ್‌ನ ಉಕ್ಕನ್ನೂ ಮರವನ್ನೂ ಬಿಡುವುದಿಲ್ಲ. ಮರದ ಸ್ಟಾಕ್ ನೀರು ಕುಡಿದು ಉಬ್ಬಿ ನಳಿಗೆಯನ್ನು ಒಂದು ಬದಿಯಿಂದ ಒತ್ತತೊಡಗಿದರೆ, ಬೇಸಿಗೆಯಲ್ಲಿ ಸರಿಯಾಗಿದ್ದ ಗುರಿ ಆಟಿಯಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ಕೊಳ್ಳುವಾಗ ನಳಿಗೆ ಮತ್ತು ಸ್ಟಾಕಿನ ನಡುವೆ ನೋಟೊಂದನ್ನು ಸಲೀಸಾಗಿ ಎಳೆಯಲು ಆಗುತ್ತದೆಯೇ ಎಂದು ನೋಡಿಕೊಳ್ಳುವುದು ಇದಕ್ಕಾಗಿಯೇ. ಸಿಂಥೆಟಿಕ್ ಸ್ಟಾಕ್ ಸಿಕ್ಕರೆ ಚೆಂದ ಕಡಿಮೆಯಾದರೂ ಅದೇ ನಮ್ಮ ಹವೆಗೆ ಮೇಲು. ಸಿಗದಿದ್ದರೆ ಮರದ ಒಳಭಾಗಕ್ಕೂ, ಅಂದರೆ ಕಣ್ಣಿಗೆ ಬೀಳದ ತೋಡಿಗೂ, ವಾರ್ನಿಶ್ ಬಳಿಯಬೇಕು.

ಒರೆಸುವ ವಿಷಯದಲ್ಲಿ ಹೊರಗು, ಒಳಗು ಬೇರೆ ಬೇರೆ. ಬೆವರಿನ ಕೈ ತಾಗಿದ ಹೊರಮೈಯನ್ನು ಪ್ರತಿ ಸಲವೂ ಎಣ್ಣೆ ಬಟ್ಟೆಯಿಂದ ಒರೆಸಬೇಕು. ನಳಿಗೆಯ ಒಳಗನ್ನು ಮಾತ್ರ ಪ್ರತಿ ಸಲವೂ ಉಜ್ಜಿ ತಿಕ್ಕುವ ಅಗತ್ಯವಿಲ್ಲ; .22 ಗುಂಡಿನ ಮೇಲಿನ ಮೇಣ ನಳಿಗೆಗೆ ತೆಳುವಾಗಿ ಮೆತ್ತಿಕೊಂಡು ತಾನೇ ಒಂದಿಷ್ಟು ರಕ್ಷೆ ಕೊಡುತ್ತದೆ, ಉಕ್ಕಿನ ಸರಳಿನಿಂದ ತಪ್ಪಾಗಿ ತಿಕ್ಕಿದರೆ ತುದಿಯ ಗೀರುಗಳೇ ಸವೆಯುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಕೆಯಿಲ್ಲದೆ ಇಡುವುದಾದರೆ ಒಳಗೂ ತೆಳುವಾಗಿ ಎಣ್ಣೆ ಹಚ್ಚಿದ ಬಟ್ಟೆ ಎಳೆಯಬೇಕು. ಸ್ಪಂಜು ತುಂಬಿದ ಚೀಲ, ಚರ್ಮದ ಚೀಲಗಳು ತೇವ ಹೀರಿಟ್ಟುಕೊಳ್ಳುತ್ತವೆ. ರೇಂಜಿಗೆ ಒಯ್ಯಲು ಮಾತ್ರ ಅವು, ಮನೆಯಲ್ಲಿ ಬೀಗ ಹಾಕಿದ ಉಕ್ಕಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು ಚೀಲವಿಲ್ಲದೆ ನಿಲ್ಲಿಸಬೇಕು. ಗುಂಡುಗಳನ್ನು ಬೇರೆ ಬೀಗದಲ್ಲಿ, ಗಾಳಿಯಾಡದ ಡಬ್ಬದಲ್ಲಿ ಇಡಬೇಕು. ತೇವ ತಾಗಿ ಸೀಸಕ್ಕೆ ಬಿಳಿ ಪುಡಿ ಹಿಡಿದ ಗುಂಡನ್ನು ಒರೆಸಿ ಬಳಸುವ ಉಳಿತಾಯ ಬೇಡ.

ಇನ್ನು ಚುನಾವಣೆ. ನೀತಿ ಸಂಹಿತೆ ಜಾರಿಯಾದಾಗ ಪರವಾನಗಿಯ ಕೋವಿಗಳನ್ನು ಠೇವಣಿ ಇಡಬೇಕೆಂಬ ಆದೇಶ ಹೊರಡುವುದು ನಮ್ಮ ಕೃಷಿಕರಿಗೆಲ್ಲ ಗೊತ್ತು. ರೈಫಲನ್ನು ಒಪ್ಪಿಸುವ ಮುನ್ನ ಒಳಗೂ ಹೊರಗೂ ದಪ್ಪಗೆ ಎಣ್ಣೆ ಸವರಿ, ಸ್ಟಾಕಿನ ಮೇಲೆ ಇರುವ ಗೀರು ಗುರುತುಗಳ ಚಿತ್ರ ತೆಗೆದಿಟ್ಟುಕೊಂಡು, ರಶೀದಿಯಲ್ಲಿ ನಂಬರ್ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಮರಳಿ ಪಡೆದ ಮೇಲೆ ಚೇಂಬರಿನಲ್ಲೂ ನಳಿಗೆಯಲ್ಲೂ ಎಣ್ಣೆ ಉಳಿಯದಂತೆ ಒಣ ಬಟ್ಟೆ ಎಳೆದು, ಟಾರ್ಚ್ ಬಿಟ್ಟು ನೋಡಿ, ಅನಂತರವೇ ರೇಂಜಿಗೆ ಒಯ್ಯಬೇಕು. ಒರೆಸಿದ ನಳಿಗೆಯಿಂದ ಹೊರಡುವ ಮೊದಲ ಹತ್ತಿಪ್ಪತ್ತು ಗುಂಡು ಅಲ್ಲಿ ಇಲ್ಲಿ ಬೀಳುವುದು ಸಹಜ. ಮೇಣ ಮತ್ತೆ ಮೆತ್ತಿಕೊಂಡು ಗ್ರೂಪ್ ಕೂಡುವವರೆಗೆ ಸೈಟಿನ ತಿರುಪನ್ನು ಮುಟ್ಟಬಾರದು.